ಚಿಕ್ಕಪ್ಪನ ಲೆನ್ಸೂ ನಾಲ್ಕು ತಾಲ್ಲೂಕಿನ ಡಾಕ್ಟರೂ

ನಮ್ಮ ಚಿಕ್ಕಪ್ಪ ಈ ಲೋಕದಲ್ಲಿ ಪೂರ್ತಿಯಾಗಿ ನಂಬಿದ್ದ ದ್ರವಪದಾರ್ಥ ಒಂದೇ ಒಂದು. ಅದು ಅವನ ಸ್ವಂತ ಎಂಜಲು. ಮುಖ ಸಿಂಡರಿಸಬೇಡಿ, ಮುಂದೆ ಓದಿ. ಮಿಕ್ಕ ದ್ರವಗಳ ಮೇಲೆಲ್ಲ ಅವನಿಗೆ ನಂಬಿಕೆ ಹೋಗಿರುವುದಕ್ಕೆ ತಕ್ಕ ಕಾರಣವಿದೆ. ಜನ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನಮ್ಮೂರಿನ ಡೈರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪರೀಕ್ಷೆ ಮಾಡುತ್ತಿರುವವನು ಅವನೇ. ದಿನಕ್ಕೆ ಎರಡು ಹೊತ್ತು, ಎದುರಿಗೆ ನಿಂತವರನ್ನೆಲ್ಲ ಕಳ್ಳರೆಂದುಕೊಂಡೇ ನೋಡುವುದು ಒಬ್ಬ ಮನುಷ್ಯನ ಉದ್ಯೋಗವಾದರೆ ಅವನ ಗತಿ ಏನಾಗಬೇಡ?

ನಮ್ಮೂರು ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಿರಂಗೂರಿನಿಂದ ಸ್ವಲ್ಪ ಒಳಕ್ಕೆ. ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಚಿಕ್ಕಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೀಗಾಗಿ ಅವನ ಪ್ರತಿಯೊಂದು ಅನುಮಾನವನ್ನೂ ಬಿಸಿಬಿಸಿಯಾಗಿ ಕೇಳುವ ಭಾಗ್ಯ ನನ್ನದು.

ಈಗ ಡೈರಿಗೆ ಮೆಶೀನು ಬಂದಿದೆ. ಒಂದು ಲೋಟ ಹಾಲು ಇಟ್ಟರೆ ಫ್ಯಾಟು, ಹಾಲು ಎಷ್ಟು ಗಟ್ಟಿ ಎನ್ನುವ ಡಿಗ್ರಿ ಎಲ್ಲ ಚೀಟಿಯಲ್ಲಿ ಬರುತ್ತದೆ. ಚಿಕ್ಕಪ್ಪ ಅದನ್ನು ನಂಬದೆ, ಹಾಲಿನಲ್ಲಿ ತೇಲಿಸಿ ನೋಡುವ ಹಳೆಯ ಗಾಜಿನ ಲ್ಯಾಕ್ಟೋಮೀಟರನ್ನು ಇನ್ನೊಮ್ಮೆ ಅದ್ದುತ್ತಾನೆ. ಎರಡೂ ಒಂದೇ ಅಂಕಿ ತೋರಿಸಿದರೆ ಸಮಾಧಾನವಾಗಬೇಕಲ್ಲವೆ? ಆಗುವುದಿಲ್ಲ. ಎರಡೂ ಒಟ್ಟಿಗೇ ಕೆಟ್ಟಿರಬಹುದು ಎನ್ನುತ್ತಾನೆ.

ಮನೆಯಲ್ಲೂ ಇದೇ ಕತೆ. ಚಿಕ್ಕಮ್ಮ ಕಾಫಿ ತಂದುಕೊಟ್ಟರೆ ಮೊದಲು ಲೋಟವನ್ನು ಬೆಳಕಿಗೆ ಹಿಡಿಯುತ್ತಾನೆ. ಗೋಡೆ ಗಡಿಯಾರ ಸರಿಯಿದೆಯೋ ಎಂದು ಮೊಬೈಲು ನೋಡುತ್ತಾನೆ, ಮೊಬೈಲು ಸರಿಯಿದೆಯೋ ಎಂದು ನಮ್ಮ ಮನೆಗೆ ಬಂದು ನಮ್ಮ ಗಡಿಯಾರ ನೋಡುತ್ತಾನೆ. ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ನೋಡಿದ್ದು ಎರಡನೆಯ ಸಲ ಹೋದಾಗಲಂತೆ. ಮೊದಲನೆಯ ಸಲ ಅವರ ಊರಿನ ಡೈರಿಗೆ ಹೋಗಿ, ಪುಸ್ತಕ ತೆಗೆಸಿ, ಆ ಮನೆಯವರು ಹಾಕುವ ಹಾಲು ಎಷ್ಟು ಡಿಗ್ರಿ ಬರುತ್ತದೆ ಎಂದು ನೋಡಿಕೊಂಡು ಬಂದಿದ್ದನಂತೆ. ಚಿಕ್ಕಮ್ಮ ಇದನ್ನು ಇವತ್ತಿಗೂ ಮರೆತಿಲ್ಲ. ಮರೆಯಲು ಸಾಧ್ಯವೆ?

ಇಂಥವನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸು ಹಾಕಿಕೊಂಡ. ಅಂದಚಂದಕ್ಕಲ್ಲ, ಪತ್ತೇದಾರಿಕೆಗೆ.

ಚಳಿಗಾಲದ ಬೆಳಿಗ್ಗೆ, ಆಗತಾನೆ ಕರೆದ ಬಿಸಿ ಹಾಲಿನ ಮೇಲೆ ಬಗ್ಗಿದರೆ ಕನ್ನಡಕಕ್ಕೆ ಹಬೆ ಕವಿಯುತ್ತದೆ. ತೆಗೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳಲು ನಾಲ್ಕೈದು ಸೆಕೆಂಡು ಬೇಕು. ಆ ನಾಲ್ಕೈದು ಸೆಕೆಂಡಿನಲ್ಲಿ ಜನ ಪರೀಕ್ಷೆಯ ಲೋಟವನ್ನೇ ಬದಲಾಯಿಸುತ್ತಾರೆ ಎಂಬುದು ಚಿಕ್ಕಪ್ಪನ ಸಿದ್ಧಾಂತ. ಮುಖ್ಯ ಆರೋಪಿ ಎದುರು ಮನೆಯ ಪುಟ್ಟತಾಯಮ್ಮ. ಪಾಪ, ಎರಡು ಹಸು ಕಟ್ಟಿಕೊಂಡು ಬದುಕುವ ಹೆಂಗಸು. ಆದರೆ ಆಕೆ ಸಾಲಿನಲ್ಲಿ ನಿಂತಾಗ ಕೆಮ್ಮುತ್ತಾಳೆ. ಆ ಕೆಮ್ಮು ಹಿಂದಿನವರಿಗೆ ಕೊಡುವ ಸೂಚನೆ ಎಂದು ಚಿಕ್ಕಪ್ಪ ವರ್ಷಗಟ್ಟಲೆ ಯೋಚಿಸಿ ಕಂಡುಹಿಡಿದಿದ್ದ.

ಲೆನ್ಸಿನ ಉಪಾಯ ಹೊಳೆದದ್ದು ಮಗಳಿಂದ. ಅವನ ಒಬ್ಬಳೇ ಮಗಳು, ನನಗೆ ತಂಗಿ, ಕಾಲೇಜಿಗೆ ಹೋಗುವ ಕಾಲದಿಂದಲೂ ಲೆನ್ಸು ಹಾಕುತ್ತಿದ್ದಳು. ಮದುವೆಯಾಗಿ ಬೆಳಗೊಳಕ್ಕೆ ಹೋದವಳು ಒಂದು ಭಾನುವಾರ ಬಂದಾಗ ಅಪ್ಪನನ್ನು ಕೂರಿಸಿಕೊಂಡು ಪಾಠ ಹೇಳಿದಳು. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡೇ ಮುಟ್ಟಬೇಕು. ಬಾಟಲಿಯಲ್ಲಿ ಬರುವ ಸಲ್ಯೂಷನ್ನಿನಲ್ಲಿಯೇ ತೊಳೆದು ಅದರಲ್ಲಿಯೇ ನೆನೆಹಾಕಬೇಕು. ನೀರು ತಾಕಿಸಲೇಬಾರದು. ಮಲಗುವ ಮುಂಚೆ ತೆಗೆಯಬೇಕು. ಕಣ್ಣು ಕೆಂಪಾದರೆ ಆ ಕ್ಷಣವೇ ತೆಗೆದು ಡಾಕ್ಟರ ಹತ್ತಿರ ಹೋಗಬೇಕು. ಚಿಕ್ಕಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿದ. ನಂಬಿದ ಎಂದು ನಾನು ಹೇಳಲಿಲ್ಲ.

ಲೆನ್ಸು ಹಾಕಿಕೊಂಡ ವಿಷಯ ಊರಿಗೆ ಗೊತ್ತಾದರೆ ಪತ್ತೇದಾರಿಕೆ ಕೆಡುತ್ತದಲ್ಲ? ಅದಕ್ಕೇ ಹಳೆಯ ಕನ್ನಡಕದ ಗಾಜು ಕಿತ್ತು, ಬರೀ ಫ್ರೇಮನ್ನು ಮೂಗಿನ ಮೇಲೆ ಏರಿಸಿಕೊಂಡು ಡೈರಿಗೆ ಹೋಗತೊಡಗಿದ. ಹಾಲಿನ ಮೇಲೆ ಬಗ್ಗುವುದು, ಹಬೆ ಕವಿದಂತೆ ನಟಿಸಿ ಫ್ರೇಮು ತೆಗೆಯುವುದು, ಇಲ್ಲದ ಗಾಜನ್ನು ಟವೆಲಿನಿಂದ ನಿಧಾನವಾಗಿ ಒರೆಸುತ್ತ ಓರೆಗಣ್ಣಿನಲ್ಲಿ ಸಾಲನ್ನು ನೋಡುವುದು. ಹೀಗೆ ಒಂಬತ್ತು ದಿನ ಕಾದ. ಒಬ್ಬರೂ ಸಿಕ್ಕಿಬೀಳಲಿಲ್ಲ. ಯಾರೋ ಸುದ್ದಿ ಕೊಟ್ಟಿದ್ದಾರೆ ಎಂದು ನನ್ನನ್ನೇ ಎರಡು ದಿನ ಮಾತಾಡಿಸಲಿಲ್ಲ. ಹತ್ತನೆಯ ದಿನ ಪುಟ್ಟತಾಯಮ್ಮ ಕ್ಯಾನು ಕೆಳಗಿಟ್ಟು, ಅವನ ಮುಖವನ್ನೇ ನೋಡಿ, ಬಹಳ ಮರುಕದಿಂದ ಹೇಳಿದಳು:

“ಅಣ್ಣೋ, ವಾರದಿಂದ ನೋಡ್ತಾ ಇವ್ನಿ. ನಿನ್ ಕನ್ನಡಕದ ಗಾಜು ಎರಡೂ ಬಿದ್ದೋಗವೆ ಕಣಣ್ಣ. ಪಟ್ಟಣಕ್ಕೋದಾಗ ಆಕಿಸ್ಕೊ.”

ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಫ್ರೇಮು ಮನೆ ಸೇರಿತು. ಆದರೆ ಲೆನ್ಸು ಮಾತ್ರ ಕಣ್ಣಿನಲ್ಲೇ ಉಳಿಯಿತು. ಹಬೆಯಿಲ್ಲದೆ ಜಗತ್ತನ್ನು ನೋಡುವ ರುಚಿ ಹತ್ತಿತ್ತು.

ಇನ್ನು ಸಲ್ಯೂಷನ್ನಿನ ವಿಚಾರ. ಒಂದು ಸಂಜೆ ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆದ. ಹೋಗಿ ನೋಡಿದರೆ ಸಲ್ಯೂಷನ್ನಿನ ಎರಡು ಬಾಟಲಿಗಳನ್ನು ಉದ್ದನೆಯ ಗಾಜಿನ ಜಾಡಿಗೆ ಬಗ್ಗಿಸಿ, ಅದರಲ್ಲಿ ಲ್ಯಾಕ್ಟೋಮೀಟರು ತೇಲಿಬಿಟ್ಟುಕೊಂಡು ಕೂತಿದ್ದಾನೆ. ಕಡ್ಡಿ ಮೇಲಿನ ತುದಿಯವರೆಗೂ ಮುಳುಗಿತ್ತು.

“ನೋಡ್ಲಾ, ಐದು ಡಿಗ್ರಿನೂ ಇಲ್ಲ. ಪೂರ್ತಿ ನೀರೇ ತುಂಬವ್ರೆ,” ಎಂದ.

ಅದು ಹಾಲಲ್ಲ, ಅದಕ್ಕೆ ಡಿಗ್ರಿ ಇರುವುದಿಲ್ಲ, ಅದು ಕ್ರಿಮಿ ಸಾಯಿಸುವ ಔಷಧ ಬೆರೆಸಿದ ದ್ರವ ಎಂದು ಮೇಷ್ಟ್ರ ಶೈಲಿಯಲ್ಲಿ ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ತಲೆಯಾಡಿಸಿದ್ದು ನನ್ನ ಮೇಲಿನ ಕನಿಕರಕ್ಕೆ. ಅಂದಿನಿಂದ ಸಲ್ಯೂಷನ್ನು ನಿಂತಿತು. ನಲ್ಲಿ ನೀರಿನ ಟ್ಯಾಂಕಿನ ಮೇಲೆ ಮೊದಲೇ ಅನುಮಾನ. ಬೋರಿನ ನೀರಿನ ಮೇಲೆ ಪಕ್ಕದ ಹೊಲದವನ ಕಾರಣಕ್ಕೆ ಅನುಮಾನ. ಕಾಯಿಸಿ ಆರಿಸಿದ ನೀರು? ಆರುವಾಗ ಯಾರು ಕಾಯುತ್ತಾರೆ? ಹೀಗೆ ಒಂದೊಂದನ್ನೇ ತಳ್ಳಿಹಾಕಿ ಕೊನೆಗೆ ಅವನು ಬಂದು ನಿಂತದ್ದು ನಾನು ಮೊದಲೇ ಹೇಳಿದ ಜಾಗಕ್ಕೆ. ಡೈರಿಯಲ್ಲಿ ಕಣ್ಣು ಒಣಗಿತೆಂದರೆ ಆಚೆ ತಿರುಗಿ, ಲೆನ್ಸು ತೆಗೆದು, ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ಮತ್ತೆ ಕಣ್ಣಿಗೆ ಇಟ್ಟುಕೊಳ್ಳುತ್ತಿದ್ದ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಾಗಮಂಗಲದಲ್ಲಿ. ಅಲ್ಲಿಗೆ ಬರುತ್ತೇನೆ.

ಕಳೆದ ಚಳಿಗಾಲದ ಕೊನೆಯಲ್ಲಿ ತಂಗಿಗೆ ಹೆರಿಗೆಯಾಯಿತು. ಹೆಣ್ಣುಮಗು. ಐದನೆಯ ದಿನ ಬಾಣಂತಿ, ಕೂಸು ಇಬ್ಬರನ್ನೂ ತವರಿಗೆ ಕರೆತಂದೆವು. ಚಿಕ್ಕಪ್ಪನಿಗೆ ಆಗತಾನೆ ಜ್ವರ ಬಂದು ಬಿಟ್ಟು, ತುಟಿಯ ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಆದರೂ ಜಗುಲಿಯಲ್ಲಿ ಕಾದು ನಿಂತಿದ್ದ. ಆಸ್ಪತ್ರೆಯವರು ಕೂಸಿನ ಕೈಗೆ ಕಟ್ಟಿದ್ದ ಪಟ್ಟಿಯ ನಂಬರನ್ನೂ ಡಿಸ್ಚಾರ್ಜ್ ಕಾಗದದ ನಂಬರನ್ನೂ ಮೂರು ಸಲ ಹೋಲಿಸಿ ನೋಡಿ, ಆಮೇಲೆ ಮೊಮ್ಮಗಳನ್ನು ತೋಳಿಗೆ ತೆಗೆದುಕೊಂಡ. ಮೂಗು ತನ್ನ ಅವ್ವನದು ಎಂದು ಖಾತ್ರಿಯಾದ ಮೇಲೆ ಮುಖ ಅರಳಿತು.

ಇದಾಗಿ ಹತ್ತು ಹನ್ನೆರಡು ದಿನಕ್ಕೆ ಅವನ ಬಲಗಣ್ಣು ಕೆಂಪಾಯಿತು. ಒಂದೇ ಕಣ್ಣು. ನೀರು ಸುರಿಯುತ್ತಿತ್ತು, ಬೆಳಕು ನೋಡಿದರೆ ಮೊಳೆ ಚುಚ್ಚಿದಂತೆ ಆಗುತ್ತದೆ ಎನ್ನುತ್ತಿದ್ದ. ಲೆನ್ಸು ತೆಗೆದರೂ ಕಡಿಮೆಯಾಗಲಿಲ್ಲ. ಕಣ್ಣು ಬಂದಿರಬೇಕು ಎಂದು ಊರವರೆಲ್ಲ ಅಂದರು. ಚಿಕ್ಕಪ್ಪನ ಪ್ರಶ್ನೆ ಬೇರೆ: ಬಂದಿದ್ದರೆ ಯಾರಿಂದ ಬಂತು? ಆರೋಪಿಗಳ ಪಟ್ಟಿ ತಯಾರಾಯಿತು. ಮೆಣಸಿನಕಾಯಿ ಕುಟ್ಟಿದ ಚಿಕ್ಕಮ್ಮ ಅದರಲ್ಲಿದ್ದಳು. ಸೀಮೆಸುಣ್ಣದ ಕೈಯಲ್ಲಿ ಅವನ ಬೆನ್ನು ತಟ್ಟಿದ ನಾನೂ ಇದ್ದೆ.

ಪುಟ್ಟತಾಯಮ್ಮ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳದೆ, ಹಿಂದಿನ ವರ್ಷ ತನಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸು ಅರ್ಧ ಬಾಟಲಿ ಉಳಿದಿದೆಯೆಂದು ತಂದುಕೊಟ್ಟಳು. ಎರಡು ತೊಟ್ಟು ಬಿಟ್ಟುಕೊಂಡರೆ ಕೆಂಪೆಲ್ಲ ಇಳಿದುಹೋಗುತ್ತದೆ ಎಂದಳು. ಚಿಕ್ಕಪ್ಪ ಅದನ್ನು ತೆಗೆದುಕೊಂಡ, ಆದರೆ ಕಣ್ಣಿಗೆ ಬಿಟ್ಟುಕೊಳ್ಳಲಿಲ್ಲ. ಸಾಕ್ಷಿಗಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಪೊಲೀಸರಿಗೆ ತೋರಿಸಲು ಬೇಕಲ್ಲ?

ಮಾರನೆಯ ದಿನ ಶ್ರೀರಂಗಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಯಂತ್ರದಲ್ಲಿ ನೋಡಿ, ಇದು ವೈರಸ್ಸಿನ ಸೋಂಕು, ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಲೆನ್ಸು ಮುಟ್ಟಲೇಬೇಡಿ, ಈ ಮುಲಾಮನ್ನು ದಿನಕ್ಕೆ ಐದು ಸಲ ಹಚ್ಚಿ, ಎರಡು ದಿನ ಬಿಟ್ಟು ಬನ್ನಿ ಎಂದರು. ಮುಲಾಮು ಕೊಂಡದ್ದಾಯಿತು. ಚಿಕ್ಕಪ್ಪ ಟ್ಯೂಬನ್ನು ಜೇಬಿಗೆ ಹಾಕಿದ. ಹಚ್ಚಿಕೊಳ್ಳಲು ಹೇಳಿದರೆ ಎರಡೇ ನಿಮಿಷದಲ್ಲಿ ಕಾಯಿಲೆ ಹೇಳಿಬಿಟ್ಟ ಡಾಕ್ಟರನ್ನು ಹೇಗೆ ನಂಬುವುದು, ತಾನು ಒಂದು ಲೋಟ ಹಾಲಿಗೇ ಐದು ನಿಮಿಷ ತೆಗೆದುಕೊಳ್ಳುತ್ತೇನೆ ಎಂದ. ಇನ್ನೊಬ್ಬರಿಗೆ ತೋರಿಸಬೇಕು. ಅದೇ ತಾಲ್ಲೂಕಿನವರಾದರೆ ಪರಿಚಯ ಇರುತ್ತದೆ, ಆದ್ದರಿಂದ ಪಾಂಡವಪುರ.

ಪಾಂಡವಪುರದಲ್ಲಿ ಚಿಕ್ಕಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಡಾಕ್ಟರುಗಳು ಹೆಸರು ಹಿಡಿದು ಫೋನಿನಲ್ಲಿ ವಿಚಾರಿಸಿಕೊಳ್ಳಬಹುದೆಂದು ಚೀಟಿಯಲ್ಲಿ ತನ್ನ ಬದಲು ನನ್ನ ಹೆಸರು ಬರೆಸಿದ. ಒಳಗಿನಿಂದ ನನ್ನ ಹೆಸರು ಕೂಗಿದರು. ಇಪ್ಪತ್ತು ವರ್ಷದ ಹಾಜರಿ ಪುಸ್ತಕದ ಅಭ್ಯಾಸ, ನಾನು ಎದ್ದು ಹೋಗಿಬಿಟ್ಟೆ. ಬಾಯಿ ತೆರೆಯುವ ಮೊದಲೇ ನರ್ಸಮ್ಮ ನನ್ನ ಗಲ್ಲವನ್ನು ಯಂತ್ರಕ್ಕೆ ಒತ್ತಿ ಕೂರಿಸಿದಳು. ಡಾಕ್ಟರು ನನ್ನ ಎರಡೂ ಕಣ್ಣನ್ನು ಚೆನ್ನಾಗಿ ನೋಡಿ, ನಿಮಗೆ ಏನೂ ಆಗಿಲ್ಲವಲ್ಲ ಮೇಷ್ಟ್ರೆ, ಯಾಕೆ ಬಂದಿರಿ ಎಂದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನಿಗೆ ಬಹಳ ಸಂತೋಷವಾಯಿತು. ಚೆನ್ನಾಗಿರುವ ಕಣ್ಣನ್ನು ಚೆನ್ನಾಗಿದೆ ಎಂದ ಡಾಕ್ಟರು ಪರವಾಗಿಲ್ಲ, ಪರೀಕ್ಷೆಯಲ್ಲಿ ಪಾಸು ಎಂದು ತಾನೂ ಒಳಗೆ ಬಂದು ಕೂತ. ಪಾಸಾದ ಡಾಕ್ಟರು ಅವನ ಕಣ್ಣು ನೋಡಿ ಹೇಳಿದ್ದು ಮೊದಲಿನವರು ಹೇಳಿದ್ದನ್ನೇ. ಬರೆದುಕೊಟ್ಟದ್ದು ಅದೇ ಮುಲಾಮು. ಎರಡನೆಯ ಟ್ಯೂಬು ಜೇಬಿಗೆ ಹೋಯಿತು.

ಮೂರನೆಯ ದಿನ ಕೆ.ಆರ್. ಪೇಟೆ. ನಾನು ರಜೆ ಹಾಕಿದೆ. ಈ ಸಲ ಚೀಟಿಗೆ ತೀರಿಹೋದ ನಮ್ಮ ತಾತನ ಹೆಸರು ಬರೆಸಿದ. ಆ ಹೆಸರನ್ನು ನರ್ಸು ಮೂರು ಸಲ ಕೂಗಿದರೂ ಅದು ನಮ್ಮದೇ ಎಂದು ಹೊಳೆಯದೆ ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಪಾಪ, ಯಾರೋ ಬಂದಿಲ್ಲ ಎಂದು ಚಿಕ್ಕಪ್ಪ ಪಕ್ಕದವರೊಂದಿಗೆ ಮರುಗಿದ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಖಾಲಿ ಬೆಂಚಿನ ಮೇಲೆ ನಮ್ಮಿಬ್ಬರನ್ನು ಕಂಡು ಡಾಕ್ಟರೇ ಒಳಗೆ ಕರೆದರು. ಅದೇ ಮಾತು, ಅದೇ ಮುಲಾಮು. ಬಸ್‌ಸ್ಟ್ಯಾಂಡಿಗೆ ಬರುವಾಗ ಅವನು ಒದ್ದೆ ಟವೆಲನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದ:

“ಮೂರ್ ಜನಾನೂ ಒಂದೇ ಮಾತು ಯೋಳ್ತಾವ್ರೆ ಅಂದ್ರೆ ಏನ್ಲಾ ಅರ್ಥ?”

“ಕಾಯಿಲೆ ಅದೇ ಅಂತ ಅರ್ಥ, ಚಿಕ್ಕಪ್ಪ.”

“ಅಲ್ಲ ಕಣ್ಲಾ. ಮೂರೂ ಜನ ಮಾತಾಡ್ಕೊಂಡವ್ರೆ.”

ನನಗೆ ಸಿಟ್ಟು ಬಂತು. ಆದರೆ ಅಷ್ಟು ಹೊತ್ತಿಗೆ ಅವನ ಕಣ್ಣನ್ನು ನೋಡಿದರೆ ಭಯವಾಗುತ್ತಿತ್ತು. ಒಂದು ಕೈಯಿಂದ ಎಡಗಣ್ಣು ಮುಚ್ಚಿಕೊಂಡು ಬಸ್ಸಿನ ಬೋರ್ಡು ಓದಲು ನೋಡಿದ. ಓದಲಾಗಲಿಲ್ಲ. ಎದುರಿಗೇ ನಿಂತ ಬಸ್ಸು ಅವನಿಗೆ ಬರೀ ಕೆಂಪು ಮಬ್ಬಾಗಿ ಕಾಣುತ್ತಿತ್ತಂತೆ. ನಾಳೆ ನಾಗಮಂಗಲ, ಅದೇ ಕೊನೆ, ಅಲ್ಲಿಯೂ ಅದನ್ನೇ ಹೇಳಿದರೆ ಹಚ್ಚಿಕೊಳ್ಳಲೇಬೇಕು ಎಂದು ಅವನಿಂದ ಮಾತು ತೆಗೆದುಕೊಂಡೆ.

ನಾಗಮಂಗಲದ ಬಸ್ಸಿನಲ್ಲಿ ಅವನ ಕಣ್ಣು ನೋಡಿದ ಜನ ತಾವಾಗಿಯೇ ಎದ್ದು ಬೇರೆ ಸೀಟಿಗೆ ಹೋದರು. ಮೂರು ಜನರ ಸೀಟಿನಲ್ಲಿ ನಾವಿಬ್ಬರೇ ಆರಾಮವಾಗಿ ಕೂತು ಹೋದೆವು. ಆ ಊರಿನ ಡಾಕ್ಟರಮ್ಮ ವಯಸ್ಸಾದವರು, ಮೆಲುಮಾತಿನವರು. ಕಣ್ಣು ನೋಡಿ, ಈ ಹುಣ್ಣಾಗಿ ನಾಲ್ಕೈದು ದಿನವಾದರೂ ಆಗಿದೆ, ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೆ ಎಂದು ಕೇಳಿದರು. ಚಿಕ್ಕಪ್ಪ ಇಲ್ಲ ಎಂದ. ನಾನು ತಡೆಯಲಾರದೆ ಅವನ ಜೇಬಿಗೆ ಕೈ ಹಾಕಿ ಮೂರು ಟ್ಯೂಬು, ಡ್ರಾಪ್ಸಿನ ಬಾಟಲಿ, ಲೆನ್ಸಿನ ಡಬ್ಬಿ ಎಲ್ಲವನ್ನೂ ಮೇಜಿನ ಮೇಲೆ ಸುರಿದೆ. ಅವರು ಬೈಯಲಿಲ್ಲ. ಒಂದೊಂದಾಗಿ ಎತ್ತಿ ನೋಡಿದರು, ಟ್ಯೂಬುಗಳ ಮೂತಿಯೂ ಒಡೆದಿಲ್ಲ ಎಂದು ಕಂಡುಕೊಂಡರು. ಆಮೇಲೆ ಅವನ ಕಣ್ಣಿಗೆ ಕೇಸರಿ ಬಣ್ಣದ ಕಾಗದದ ತುದಿ ತಾಕಿಸಿ, ನೀಲಿ ಬೆಳಕು ಬಿಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದು ಅವನ ಒಳ್ಳೆಯ ಕಣ್ಣಿನ ಮುಂದೆ ಹಿಡಿದರು.

“ನನ್ನ ಮಾತು ನಂಬಬೇಡಿ ಯಜಮಾನ್ರೆ. ನೀವೇ ನೋಡಿ,” ಎಂದರು.

ಫೋಟೊದಲ್ಲಿ ಕಣ್ಣಿನ ಮೇಲೆ ಹಸಿರಾಗಿ ಹೊಳೆಯುವ ಒಂದು ಗೆರೆ. ಎಲೆ ಉದುರಿದ ಮರದ ಹಾಗೆ ಅದಕ್ಕೆ ಕೊಂಬೆ, ರೆಂಬೆ. ಚಿಕ್ಕಪ್ಪ ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ, ನನ್ನ ಮುಖ ನೋಡಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಒಂದು ಪರೀಕ್ಷೆಯ ಮೇಲೆ ನಂಬಿಕೆ ಬಂದಿತ್ತು.

ಇದು ಹರ್ಪಿಸ್ ಎನ್ನುವ ವೈರಸ್ಸು ಎಂದು ಅವರು ವಿವರಿಸಿದರು. ಚಿಕ್ಕಂದಿನಲ್ಲೇ ಎಷ್ಟೋ ಜನರ ಮೈಗೆ ಸೇರಿ ಸುಮ್ಮನೆ ಮಲಗಿರುತ್ತದೆ. ಜ್ವರ ಬಂದಾಗ, ಮೈ ಸೋತಾಗ ಎದ್ದು ತುಟಿಯ ಮೇಲೆ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಲೆನ್ಸು ತರಚಿದ ಕಣ್ಣಿಗೆ ತಲುಪಿದರೆ ಹೀಗೆ. ನಿಮ್ಮ ತುಟಿಗೆ ಗುಳ್ಳೆ ಎದ್ದಿತ್ತೇ ಎಂದು ಕೇಳಿದರು. ಎದ್ದಿತ್ತು. ಲೆನ್ಸನ್ನು ಯಾವುದರಲ್ಲಿ ಒದ್ದೆ ಮಾಡುತ್ತಿದ್ದಿರಿ ಎಂದು ಕೇಳಿದರು. ಆಗ ಹೊರಬಂತು ಎಂಜಲಿನ ಕತೆ. ಅದನ್ನು ಹೇಳುವಾಗ ಚಿಕ್ಕಪ್ಪ ನೆಲ ನೋಡುತ್ತಿದ್ದ.

“ಅಂಗಾದ್ರೆ ಇದು ಯಾರೂ ಕೊಟ್ಟಿದ್ದಲ್ವಾ, ಡಾಕ್ಟ್ರಮ್ಮ?”

“ಈಗ ಯಾರೂ ಕೊಟ್ಟಿಲ್ಲ. ನಿಮ್ಮೊಳಗೇ ಇತ್ತು.”

ಊರಿನ ಆರೋಪಿಗಳೆಲ್ಲ ಒಂದೇ ಏಟಿಗೆ ಖುಲಾಸೆ! ಡಾಕ್ಟರಮ್ಮ ಪುಟ್ಟತಾಯಮ್ಮನ ಡ್ರಾಪ್ಸು ಎತ್ತಿ, ಇದನ್ನು ಹಾಕಿಕೊಂಡಿರಾ ಎಂದು ಕೇಳಿದರು. ಇಲ್ಲ ಎಂದಾಗ ಉಸಿರು ಬಿಟ್ಟರು. ಅದು ಸ್ಟೀರಾಯ್ಡು, ಆಪರೇಷನ್ ಆದ ಆಕೆಗೆ ಸರಿಯಾದ ಔಷಧವೇ, ಆದರೆ ಈ ಹುಣ್ಣಿಗೆ ತಾನಾಗಿ ಹಾಕಿಕೊಂಡಿದ್ದರೆ ಹುಣ್ಣು ಹರಡಿ ಕಣ್ಣೇ ಹೋಗುವ ಸಾಧ್ಯತೆಯಿತ್ತು ಎಂದರು. ಚಿಕ್ಕಪ್ಪ ನನ್ನ ಕಡೆ ತಿರುಗಿ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅನುಮಾನದಿಂದ ಒಂದು ಕಣ್ಣು ಉಳಿದಿತ್ತು. ಅದೇ ಅನುಮಾನದಿಂದ ಮೂರು ದಿನದ ಔಷಧ ತಪ್ಪಿ ಹುಣ್ಣು ದೊಡ್ಡದಾಗಿದೆ, ಒಂದಿಷ್ಟು ಕಲೆ ಉಳಿಯಬಹುದು ಎಂಬ ಮಾತನ್ನೂ ಅವರು ಸೇರಿಸಿದರು. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಕೊನೆಗೆ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ಚಿಕ್ಕಮ್ಮ, ಬಾಣಂತಿ ಮಗಳು, ಇಪ್ಪತ್ತು ದಿನದ ಕೂಸು ಎಂದು ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಒಂದು ಮಾತ್ರೆಯನ್ನೂ ಬರೆದುಕೊಟ್ಟು ಅಂಗಡಿಯಿಂದ ತನ್ನಿ ಎಂದು ನನ್ನನ್ನು ಕಳಿಸಿದರು. ನಾನು ವಾಪಸು ಬರುವ ಹೊತ್ತಿಗೆ ಚಿಕ್ಕಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಮುಲಾಮು ಆಗಲೇ ಹಚ್ಚಿಸಿಕೊಂಡಿದ್ದ. ದಾರಿಯುದ್ದಕ್ಕೂ ಬೆರಳು ಮಡಚಿ ಏನನ್ನೋ ಲೆಕ್ಕ ಹಾಕುತ್ತಿದ್ದ. ಹೊಸ ಆರೋಪಿಯನ್ನು ಹುಡುಕುತ್ತಿದ್ದಾನೆ ಎಂದುಕೊಂಡೆ.

ಊರು ಮುಟ್ಟಿದವನು ಮನೆಯೊಳಕ್ಕೆ ಬರಲೇ ಇಲ್ಲ. ಹಾಸಿಗೆ, ತಟ್ಟೆ, ಲೋಟ, ಟವೆಲು ಹೊರಗೆ ತರಿಸಿಕೊಂಡು ತೋಟದ ಪಂಪ್‌ಶೆಡ್ಡಿಗೆ ಹೊರಟ. ಯಾಕೆಂದು ಕೇಳಿದ ಚಿಕ್ಕಮ್ಮನಿಗೆ, ಕೂಸಿಗೆ ಹಾಕುವ ಸಾಂಬ್ರಾಣಿ ಹೊಗೆ ತನ್ನ ಕಣ್ಣಿಗೆ ಆಗುವುದಿಲ್ಲ, ಆ ಸಾಂಬ್ರಾಣಿ ಪುಡಿಯ ಮೇಲೂ ತನಗೆ ಅನುಮಾನ ಎಂದ. ಮಾರನೆಯ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ಅಪ್ಪಣೆ ಬಂತು: ಆಸ್ಪತ್ರೆಯ ತಕ್ಕಡಿ ಸರಿಯಿಲ್ಲ, ಕೂಸಿನ ತೂಕವನ್ನು ಇನ್ನೊಂದು ಸಲ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿಕೊಂಡು ಬನ್ನಿ, ಇವತ್ತೇ ಹೋಗಿ. ಹುಟ್ಟಿದ ಕೂಸಿನಲ್ಲೂ ಕಲಬೆರಕೆ ಹುಡುಕುತ್ತಾನಲ್ಲ ಎಂದು ನಾವೆಲ್ಲ ನಕ್ಕೆವು. ಹೋಗದಿದ್ದರೆ ಬಿಡುವವನಲ್ಲ ಎಂದು ಹೋಗಿ ಬಂದೆವು. ಆ ಡಾಕ್ಟರು ತೂಕ ಹಾಕಿದ್ದಲ್ಲದೆ ಕೂಸಿನ ಮೈಯನ್ನೆಲ್ಲ ಇಂಚಿಂಚು ನೋಡಿ, ರಕ್ತ ಪರೀಕ್ಷೆಗೂ ಕಳಿಸಿ, ಸದ್ಯಕ್ಕೆ ಚೆನ್ನಾಗಿದೆ, ಜ್ವರ ಬಂದರೆ ಅಥವಾ ಹಾಲು ಬಿಟ್ಟರೆ ಒಂದು ಗಂಟೆಯೂ ಕಾಯದೆ ಕರೆತನ್ನಿ ಎಂದರು. ಎಲ್ಲ ಕೂಸುಗಳಿಗೂ ಹೀಗೆಯೇ ಹೇಳುತ್ತಾರೆ ಎಂದುಕೊಂಡೆವು.

ದಿನಾ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಅವನಿಗೆ ತಿಂಡಿ ಕೊಡಲು ನಾನು ಶೆಡ್ಡಿಗೆ ಹೋಗುತ್ತಿದ್ದೆ. ಅವನ ಪ್ರಶ್ನೆಗಳು ಯಾವಾಗಲೂ ಅವೇ: ಕೂಸು ಹಾಲು ಕುಡಿಯಿತೆ? ಮೈ ಬಿಸಿಯಿದೆಯೆ? ಯಾರು ಮುಟ್ಟಿ ನೋಡಿದರು? ಹೆಂಗಸರ ಕೆಲಸದ ಮೇಲೆ ಇವನಿಗೆ ನಂಬಿಕೆಯಿಲ್ಲ ಎಂದು ನಾನು ಒಂದೊಂದು ಪದದಲ್ಲಿ ಉತ್ತರ ಕೊಟ್ಟು ಬರುತ್ತಿದ್ದೆ.

ಎರಡು ವಾರ ಕಳೆಯಿತು. ಕಣ್ಣಿನ ಕೆಂಪು ಇಳಿಯುತ್ತ ಬಂದರೂ ಅವನು ಮನೆಯ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಅನುಮಾನದ ಕಾಯಿಲೆ ಮಿಕ್ಕವರಿಗೂ ಹತ್ತಿತ್ತು. ಗಂಡನಿಗೆ ತನ್ನ ಮೇಲೆ ಯಾವುದೋ ಹಳೆಯ ಕೋಪ ಎಂದು ಚಿಕ್ಕಮ್ಮನ ಅನುಮಾನ. ತಂಗಿಯದು ಇನ್ನೂ ಕಹಿಯಾದದ್ದು. ಗಂಡುಮಗು ಆಗಲಿಲ್ಲವೆಂದು ಅಪ್ಪನಿಗೆ ಬೇಜಾರು, ಅದಕ್ಕೇ ಮುಖ ನೋಡಲೂ ಬರುತ್ತಿಲ್ಲ ಎಂದು ಅವಳು ತೀರ್ಮಾನಿಸಿದಳು. ಒಂದು ಭಾನುವಾರ ಗಂಡನಿಗೆ ಫೋನು ಮಾಡಿ ಬೆಳಗೊಳಕ್ಕೆ ಕರೆದುಕೊಂಡು ಹೋಗಲು ಹೇಳಿದಳು. ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು, ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ನೇರ ಶೆಡ್ಡಿಗೆ ಹೋದೆ. ಮೇಷ್ಟ್ರ ಜೋರಿನಲ್ಲೇ ಹೇಳಿದೆ, ನಿನ್ನ ಅನುಮಾನಕ್ಕೆ ಒಂದು ಮಿತಿ ಬೇಡವೆ, ಒಬ್ಬಳೇ ಮಗಳು ಬಾಣಂತನದ ನಡುವೆ ತವರು ಬಿಟ್ಟು ಹೋಗುತ್ತಿದ್ದಾಳೆ, ಹೆಣ್ಣುಮಗು ಅಂತ ನಿನಗೆ ಬೇಜಾರಾಗಿದೆ ಅಂದುಕೊಂಡಿದ್ದಾಳೆ ಎಂದು. ಚಿಕ್ಕಪ್ಪ ಪೈಪಿನ ಮೇಲೆ ಕೂತು ಕೈಗೆ ಸೋಪು ಹಚ್ಚುತ್ತಿದ್ದ. ಅವನ ಬೆರಳುಗಳ ಚರ್ಮ ತೊಳೆದು ತೊಳೆದು ಬಿರಿದುಹೋಗಿತ್ತು. ಅದನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು.

“ಎಣ್ಣೂಂತ ನಂಗ್ಯಾಕ್ಲಾ ಬೇಜಾರು?” ಎಂದ. ಆಮೇಲೆ ನಿಧಾನವಾಗಿ ಹೇಳಿದ.

ಆ ವೈರಸ್ಸು ದೊಡ್ಡವರಿಗೆ ತುಟಿಯ ಗುಳ್ಳೆ, ಹೆಚ್ಚೆಂದರೆ ಒಂದು ಕಣ್ಣು. ತಿಂಗಳೂ ತುಂಬದ ಹಸುಗೂಸಿಗೆ ಅಂಟಿದರೆ ಮೈಯೆಲ್ಲ ಹರಡುತ್ತದೆ, ಮಿದುಳಿಗೂ ಹೋಗುತ್ತದೆ, ಉಳಿಯುವುದೇ ಕಷ್ಟ ಎಂದು ನಾಗಮಂಗಲದ ಡಾಕ್ಟರಮ್ಮ ಹೇಳಿದ್ದರು. ಗುಳ್ಳೆ ಇದ್ದಾಗ ಕೂಸನ್ನು ಎತ್ತಿಕೊಂಡಿದ್ದಿರಾ, ಮುತ್ತು ಕೊಟ್ಟಿದ್ದಿರಾ ಎಂದು ಕೇಳಿದ್ದರು.

“ಎತ್ಕೊಂಡಿದ್ದೆ. ಮುತ್ತು ಕೊಟ್ನೋ ಇಲ್ವೋ ಗ್ಯಾನಕ್ಕೇ ಬತ್ತಿಲ್ಲ ಕಣ್ಲಾ. ಎಷ್ಟು ಯೋಚ್ನೆ ಮಾಡಿದ್ರೂ ಬತ್ತಿಲ್ಲ.”

ಮಕ್ಕಳ ಡಾಕ್ಟರಿಗೆ ಡಾಕ್ಟರಮ್ಮನಿಂದಲೇ ಫೋನು ಮಾಡಿಸಿದ್ದು ಅವನು. ತಕ್ಕಡಿಯ ನೆಪ ಹೂಡಿ ನಮ್ಮನ್ನು ಕಳಿಸಿದ್ದೂ ಅದಕ್ಕೇ. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೂ ಕೂಸಿಗೆ ಒಂದೂವರೆ ತಿಂಗಳು ತುಂಬುವವರೆಗೆ ಕಣ್ಣಿಟ್ಟಿರಿ ಎಂದು ಆ ಮಕ್ಕಳ ಡಾಕ್ಟರು ಅವನಿಗೆ ಫೋನಿನಲ್ಲಿ ಹೇಳಿದ್ದರಂತೆ. ಸೋಪು ಹಾಕಿ ಕೈ ತೊಳೆದು ಮನೆಯಲ್ಲೇ ಇರಬಹುದು, ಕೂಸಿನ ಮುಖದ ಹತ್ತಿರ ಹೋಗಬೇಡಿ, ಅಷ್ಟು ಸಾಕು ಎಂದೂ ಡಾಕ್ಟರಮ್ಮ ಹೇಳಿದ್ದರು. ಶೆಡ್ಡಿಗೆ ಬಂದು ಬಿದ್ದದ್ದು ಅವನ ಸ್ವಂತ ತೀರ್ಮಾನ.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದೆ.

“ಯೋಳಿದ್ರೆ ಅವ್ಳು ಎದರ್ಕೊಳ್ತಾಳೆ. ಎದರಿದ ಅಸ ಆಲು ಇಳಿಸಲ್ಲ. ಕೂಸಿಗೆ ಆಲಿಲ್ದೆ ಓದ್ರೆ ಏನ್ಲಾ ಮಾಡದು?” ಕೈಯ ನೊರೆ ತೊಳೆದುಕೊಂಡ. “ಡಾಕ್ಟ್ರಮ್ಮ ಮನೇಲೇ ಇರಿ ಅಂದ್ರು. ನಂಗೆ ನನ್ ಮೇಲೆ ನಂಬ್ಕೆ ಬರ್ನಿಲ್ಲ.”

ನಾನು ಹಿಂದಿರುಗಿ ಮನೆಗೆ ಬರುವ ಹೊತ್ತಿಗೆ ಬೆಳಗೊಳದಿಂದ ಕಾರು ಬಂದು ನಿಂತಿತ್ತು. ಹೇಳಬೇಡ ಎಂದು ಅವನು ಆಣೆ ಹಾಕಿಸಿಕೊಂಡಿದ್ದ. ನಾನು ಹೇಳಿದೆ. ತಂಗಿ ಹೆದರಲಿಲ್ಲ. ಕೂಸಿನ ಹಣೆ ಮುಟ್ಟಿ ನೋಡಿದಳು, ಗಂಡನಿಗೆ ಒಳಗೆ ಬಂದು ಕಾಫಿ ಕುಡಿಯಲು ಹೇಳಿದಳು, ತುಂಬಿದ ಚೀಲವನ್ನು ಮತ್ತೆ ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಜೋಡಿಸಿದಳು. ಅವತ್ತಿನಿಂದ ಶೆಡ್ಡಿನ ತಿಂಡಿಯನ್ನು ಚಿಕ್ಕಮ್ಮನೇ ಒಯ್ದಳು. ಕೂಸಿನ ಸಮಾಚಾರವನ್ನು ತಂಗಿ ದಿನಕ್ಕೆ ಆರು ಸಲ ಫೋನಿನಲ್ಲಿ ಹೇಳುತ್ತಿದ್ದಳು. ಅವನು ಆರು ಸಲವೂ ಎರಡೆರಡು ಬಾರಿ ಕೇಳುತ್ತಿದ್ದ.

ಕೂಸಿಗೆ ಒಂದೂವರೆ ತಿಂಗಳು ತುಂಬಿದ ವಾರ ನಾಗಮಂಗಲಕ್ಕೆ ಹೋಗಿ ಬಂದೆವು. ಹುಣ್ಣು ಮಾಯ್ದಿದೆ, ತೆಳುವಾದ ಕಲೆ ಉಳಿದಿದೆ, ಆ ಕಣ್ಣಿಗೆ ಮೊದಲಿನಷ್ಟು ಕಾಣುವುದಿಲ್ಲ, ಲೆನ್ಸಂತೂ ಬೇಡವೇ ಬೇಡ, ಕೂಸನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದರು ಡಾಕ್ಟರಮ್ಮ. ಅವನು ಅದನ್ನು ಚೀಟಿಯ ಮೇಲೆ ಬರೆಸಿಕೊಂಡು, ಸೀಲು ಹಾಕಿಸಿಕೊಂಡು ಬಂದ.

ಮನೆಗೆ ಬಂದವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ತುಟಿಯ ಹತ್ತಿರ ಏನಾದರೂ ಇದೆಯೇ ನೋಡು ಎಂದು ನನಗೂ ಚಿಕ್ಕಮ್ಮನಿಗೂ ಬೇರೆ ಬೇರೆಯಾಗಿ ತೋರಿಸಿ, ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತಂಗಿ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದಳು. ಅಷ್ಟು ದಿನದಲ್ಲಿ ಕೂಸಿಗೆ ನೋಟ ನಿಂತಿತ್ತು. ಅದು ಕಣ್ಣು ಬಿಟ್ಟು ಮೇಲಕ್ಕೆ ನೋಡಿತು. ಚಿಕ್ಕಪ್ಪ ಅಲ್ಲಾಡಲಿಲ್ಲ. ಮುಖ ಬಗ್ಗಿಸಲೂ ಹೆದರಿ, ಎಡಗಣ್ಣಿನಲ್ಲಿ ಅದನ್ನೇ ನೋಡುತ್ತ ಮಗಳನ್ನು ಕೇಳಿದ:

“ನನ್ನೇ ನೋಡ್ತಾವ್ಳಾ?”

“ಊಂ ಕಣಪ್ಪ.”

“ನನ್ ಇಂದ್ಗಡೆ ಯಾರೂ ಇಲ್ವಲ್ಲಾ?”

ತಂಗಿ ಅವನ ಪಕ್ಕದಲ್ಲಿ ಕೂತು, ಅವನ ಒರಟು ಬೆರಳನ್ನು ಹಿಡಿದು ಕೂಸಿನ ಅಂಗೈಯೊಳಗೆ ಇಟ್ಟಳು. ಅದು ಗಟ್ಟಿಯಾಗಿ ಮುಚ್ಚಿಕೊಂಡಿತು.

“ನಿನ್ನೇ,” ಎಂದಳು.

ಚಿಕ್ಕಪ್ಪ ಮತ್ತೆ ಕೇಳಲಿಲ್ಲ.